ತಾನೇ ಎಳೆದ ಗೆರೆಯೊಳಗೆ ಕುಳಿತ ಹೆಂಗಸು: ಈ ಚಿತ್ರದಲ್ಲಿ ಕಾಲವನ್ನು ಎಲ್ಲಿಡಬೇಕು?

ಬಿಳಿಹಾಳೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬಿಡುವಿನಲ್ಲಿ ಬರೆಯುತ್ತಿರುವ ಸಾಂಕೇತಿಕ ಚಿತ್ರವೊಂದು ಅರ್ಧದಲ್ಲಿ ನಿಂತಿದೆ. ತೊಡಕು ಬಣ್ಣದ್ದಲ್ಲ, ವಿಚಾರದ್ದು. ಇಲ್ಲಿ ಕಲ್ಲು ಕೆತ್ತುವವರೂ ಚಿತ್ರ ಬರೆಯುವವರೂ ಕಲೆಯ ಚರಿತ್ರೆ ಓದಿದವರೂ ಇರುವುದರಿಂದ ವಿವರವಾಗಿಯೇ ಕೇಳುತ್ತಿದ್ದೇನೆ.

ಕ್ಯಾನ್ವಾಸ್ ನಾಲ್ಕು ಅಡಿ ಎತ್ತರ, ಮೂರು ಅಡಿ ಅಗಲವಿದೆ, ಬಣ್ಣ ಅಕ್ರಿಲಿಕ್. ಹಳೆಯ ಮನೆಗಳಲ್ಲಿ ಕಾಣುವಂಥ ರೆಡ್ ಆಕ್ಸೈಡ್ ನೆಲದ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಾಳೆ. ಅವಳ ಸುತ್ತ ರಂಗೋಲಿಯ ಒಂಟಿ ಗೆರೆಯೊಂದು ವೃತ್ತಾಕಾರವಾಗಿ ಬಂದಿದೆ. ಅದರ ಪುಡಿ ಅವಳ ಬೆರಳುಗಳ ನಡುವೆ ಇನ್ನೂ ಉಳಿದಿದೆ. ಎಂದರೆ ಗೆರೆಯನ್ನು ಎಳೆದವಳು ಅವಳೇ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿದೆ. ಹಿಂದೆ, ಗೋಡೆಯೇ ಇಲ್ಲದ ಬಯಲಿನಲ್ಲಿ, ಬಾಗಿಲಿನ ಚೌಕಟ್ಟೊಂದು ಮಾತ್ರ ನಿಂತಿದೆ. ಮೇಲಿನ ಮೂಲೆಯಲ್ಲಿ ಮುಳ್ಳುಗಳಿಲ್ಲದ ಗಡಿಯಾರ, ಕೆಳಗೆ ಎಣ್ಣೆ ತೀರುತ್ತಿರುವ ದೀಪ.

ಮನುಷ್ಯರು ತಮಗೆ ತಾವೇ ಹಾಕಿಕೊಂಡ ಮಿತಿಯೊಳಗೆ ಕುಳಿತಿರುವಾಗಲೂ ಕಾಲ ಸಾಗುತ್ತಲೇ ಇರುತ್ತದೆ ಎಂಬುದು ನಾನು ಹೇಳಹೊರಟ ಸಂಗತಿ. ಮಿತಿಯೇನೋ ಕಾಣುತ್ತಿದೆ, ಆದರೆ ಗಡಿಯಾರ ದೀಪಗಳೆರಡೂ ಇದ್ದು ಕಾಲ ಕಾಣುತ್ತಿಲ್ಲ. ಇನ್ನೊಂದು ಸಂಶಯವೂ ಇದೆ. ಚಿತ್ರವನ್ನು ನೋಡಿದ ಸಹೋದ್ಯೋಗಿಯೊಬ್ಬರು, ‘ಪಾಪ, ಯಾರು ಅವಳನ್ನು ಹೀಗೆ ಕೂಡಿಹಾಕಿದ್ದು?’ ಎಂದು ಕೇಳಿದರು. ಬೆರಳಿನಲ್ಲಿ ಪುಡಿಯಿದ್ದೂ ನೋಡುಗರಿಗೆ ಈ ಪ್ರಶ್ನೆ ಬರುವುದಾದರೆ ಸಂಕೇತ ಕೆಲಸ ಮಾಡುತ್ತಿಲ್ಲವೆಂದೇ ತಿಳಿಯಬೇಕೆ?

ಹಳೇ ಕೈಗಡಿಯಾರ, ತುಮಕೂರು

ಮೇಡಂ, ಮೊದಲು ಆ ಗಡಿಯಾರವನ್ನು ತೆಗೆಯಿರಿ. ನಾನು ನಮ್ಮೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದವನು. 1978ರಲ್ಲಿ ಆರಂಭವಾದ ಕಾರ್ಖಾನೆ ಅದು. ಕಂಪನಿಯ ಕೈಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು ಇಲ್ಲಿನವರಿಗೆಲ್ಲ ಗೊತ್ತೇ ಇದೆ. ಮುಳ್ಳಿಲ್ಲದ ಡಯಲನ್ನು ಕಂಡರೆ ನನ್ನಂಥವನಿಗೆ ಕಾಲದ ನೆನಪಾಗುವುದಿಲ್ಲ, ರಿಪೇರಿಗೆ ಬಂದ ಮಾಲಿನ ನೆನಪಾಗುತ್ತದೆ.

ಆದರೆ ಗಡಿಯಾರದ ಮುಖದಲ್ಲಿ ಇಲ್ಲದ್ದು ಅದರ ಹೊಟ್ಟೆಯೊಳಗೆ ಇದೆ. ಕೀಲಿ ಕೊಡುವ ವಾಚಿನಲ್ಲಿ ಸುತ್ತಿಟ್ಟ ಸ್ಪ್ರಿಂಗಿಗೆ ಗೊತ್ತಿರುವುದು ಒಂದೇ ಕೆಲಸ, ಬಿಚ್ಚಿಕೊಳ್ಳುವುದು. ಅದನ್ನು ತಡೆಯುವ ಭಾಗವಿಲ್ಲದಿದ್ದರೆ ಒಂದು ಹಗಲು ಒಂದು ರಾತ್ರಿಗೂ ಮೀರಿ ಬರಬೇಕಾದ ಶಕ್ತಿಯೆಲ್ಲ ಕೆಲವೇ ಕ್ಷಣಗಳಲ್ಲಿ ಬರ್‍ರೆಂದು ಖಾಲಿಯಾಗಿಬಿಡುತ್ತದೆ. ತಡೆಯುವ ಆ ಏರ್ಪಾಟಿಗೆ ಎಸ್ಕೇಪ್‌ಮೆಂಟ್ ಎನ್ನುತ್ತಾರೆ: ಹದಿನೈದು ಹಲ್ಲಿನ ಒಂದು ಚಕ್ರ, ಅದರ ಹಲ್ಲನ್ನು ಹಿಡಿದು ಬಿಡುವ ಒಂದು ಕವಲು, ಆ ಕವಲನ್ನು ಅತ್ತಿತ್ತ ತಳ್ಳುವ ಬ್ಯಾಲೆನ್ಸ್ ಚಕ್ರ. ನಮ್ಮ ‘ಜನತಾ’ ವಾಚಿನಲ್ಲಿ ಈ ಹಿಡಿದು ಬಿಡುವ ಕೆಲಸ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ನಡೆಯುತ್ತದೆ. ಕಿವಿಗೆ ಬೀಳುವ ಟಿಕ್ ಟಿಕ್ ಚಕ್ರ ಓಡುವ ಸದ್ದಲ್ಲ, ಅದು ತಡೆಗೆ ಬಡಿದು ನಿಲ್ಲುವ ಸದ್ದು. ತಡೆ ಇದ್ದುದರಿಂದಲೇ ಅಳೆಯಬಹುದಾದ ಕಾಲ ಹುಟ್ಟಿತು.

ಹೀಗಿರುವಾಗ ಮಿತಿಯನ್ನು ಚಿತ್ರದ ನಡುವೆ, ಕಾಲವನ್ನು ಮೂಲೆಯಲ್ಲಿ ಎಂದು ನೀವು ಬೇರೆ ಬೇರೆಯಾಗಿ ಇಟ್ಟಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ನಿಮ್ಮ ಹೆಂಗಸಿನ ಗೆರೆಯೇ ಗಡಿಯಾರದ ಕೆಲಸವನ್ನೂ ಮಾಡಬೇಕು. ಹೇಗೆ ಮಾಡಿಸಬೇಕೆಂದು ಹೇಳಲು ನಾನು ಚಿತ್ರಗಾರನಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಹಿರಿಯರ ಮಾತಿಗೆ ನನ್ನ ಸಹಮತವಿದೆ. ನಿಮ್ಮ ಚಿತ್ರದ ವಿವರ ಓದಿದಾಗ ನೆನಪಾದದ್ದು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದ ‘ಮೆಲೆಂಕೋಲಿಯಾ’. ಅದರಲ್ಲಿಯೂ ಹೆಣ್ಣೊಬ್ಬಳು ನೆಲಕ್ಕೆ ಹತ್ತಿರವಾಗಿ ಗಲ್ಲಕ್ಕೆ ಕೈಯೂರಿ ಕುಳಿತಿದ್ದಾಳೆ. ಬೆನ್ನಿಗೆ ದೊಡ್ಡ ರೆಕ್ಕೆಗಳಿವೆ, ಪಕ್ಕದಲ್ಲಿ ಏಣಿಯಿದೆ, ಕೈಯಲ್ಲಿ ಕೈವಾರವಿದೆ, ಸೊಂಟದಿಂದ ಕೀಲಿಕೈಗಳೂ ಹಣದ ಚೀಲವೂ ಇಳಿಬಿದ್ದಿವೆ. ಕೀಲಿಕೈ ಅಧಿಕಾರವನ್ನೂ ಚೀಲ ಸಂಪತ್ತನ್ನೂ ಸೂಚಿಸುತ್ತವೆಂದು ಡ್ಯೂರರ್ ತಾನೇ ಒಂದು ಕರಡಿನಲ್ಲಿ ಗುರುತು ಮಾಡಿಕೊಂಡಿದ್ದ. ಹಾರಲು, ಹತ್ತಲು, ತೆರೆಯಲು, ಅಳೆಯಲು ಬೇಕಾದುದೆಲ್ಲ ಇದ್ದೂ ಆಕೆ ಏಳುವುದಿಲ್ಲ. ತಲೆಯ ಮೇಲ್ಗಡೆ ಮರಳು ಗಡಿಯಾರ ಸುರಿಯುತ್ತಲೇ ಇದೆ. ತನಗೆ ತಾನೇ ಹಾಕಿಕೊಂಡ ಮಿತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಚಿತ್ರ ನನಗೆ ತಿಳಿದಿಲ್ಲ. ಆದ್ದರಿಂದ ನಿಮ್ಮ ಬೀಗದ ಕೈಗಳನ್ನು ಯಾರು ಏನೇ ಹೇಳಿದರೂ ತೆಗೆಯಬೇಡಿ.

ಮರಳು ಗಡಿಯಾರ ಅಲ್ಲಿ ಒಪ್ಪುತ್ತದೆ, ನಿಮ್ಮ ಗಡಿಯಾರ ಒಪ್ಪುವುದಿಲ್ಲ. ಹದಿನೇಳನೆಯ ಶತಮಾನದ ಡಚ್ ಚಿತ್ರಗಾರರು ತಲೆಬುರುಡೆ, ಆರಿದ ದೀಪ, ಮರಳು ಗಡಿಯಾರಗಳನ್ನು ಮೇಜಿನ ಮೇಲೆ ಜೋಡಿಸಿ ಎಷ್ಟೊಂದು ಚಿತ್ರ ಬರೆದರೆಂದರೆ, ಆ ವಸ್ತುಗಳನ್ನು ಕಂಡೊಡನೆ ನೋಡುಗನು ‘ಕಾಲ’ ಎಂದು ಓದಿಕೊಂಡು ಮುಂದೆ ಹೋಗಿಬಿಡುತ್ತಾನೆ. ಓದಿಯಾದ ಮೇಲೆ ನೋಡಲು ಏನೂ ಉಳಿಯುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಕಾಲವನ್ನು ಬರೆಯುವುದನ್ನು ಬಿಟ್ಟು, ಕಾಲವೇ ಬಂದು ಬರೆಯುವಂಥ ನಿಯಮಗಳನ್ನು ತಮಗೆ ವಿಧಿಸಿಕೊಂಡರು. ಪೋಲೆಂಡಿನ ರೋಮನ್ ಒಪಾಲ್ಕಾ 1965ರಲ್ಲಿ ವಾರ್ಸಾದಲ್ಲಿ ಕಪ್ಪು ಕ್ಯಾನ್ವಾಸಿನ ಎಡ ಮೇಲ್ಮೂಲೆಯಲ್ಲಿ ಸಣ್ಣ ಕುಂಚದಿಂದ 1 ಎಂದು ಬಿಳಿಯಲ್ಲಿ ಬರೆದು, ಬಳಿಕ 2, 3, 4 ಎಂದು ಮುಂದುವರಿಸಿದ. ಕ್ಯಾನ್ವಾಸುಗಳ ಅಳತೆ ಯಾವಾಗಲೂ ಒಂದೇ, 196 ಗುಣಿಸು 135 ಸೆಂಟಿಮೀಟರ್. 1972ರಿಂದ ಪ್ರತಿ ಹೊಸ ಕ್ಯಾನ್ವಾಸಿನ ಹಿನ್ನೆಲೆಗೆ ನೂರಕ್ಕೆ ಒಂದು ಪಾಲು ಬಿಳಿ ಸೇರಿಸುತ್ತ ಬಂದ. ಕೊನೆಯ ವರ್ಷಗಳಲ್ಲಿ ಬಿಳಿಯ ಮೇಲೆ ಬಿಳಿ ಬರೆಯುತ್ತಿದ್ದ. ಅಂಕಿಗಳನ್ನು ಪೋಲಿಷ್ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ ಧ್ವನಿಮುದ್ರಿಸಿಕೊಂಡ, ದಿನದ ಕೆಲಸ ಮುಗಿದ ಮೇಲೆ ಅದೇ ಬಗೆಯ ಬೆಳಕಿನಲ್ಲಿ ತನ್ನ ಮುಖದ ಛಾಯಾಚಿತ್ರ ತೆಗೆದುಕೊಂಡ. 2011ರಲ್ಲಿ ತೀರಿಕೊಂಡಾಗ ಅವನು ತಲುಪಿದ್ದ ಸಂಖ್ಯೆ 56,07,249. ಅಂಕಿಗಳನ್ನು ಅವನು ನಿರ್ಧರಿಸಿದ್ದ. ಕೂದಲು ಬೆಳ್ಳಗಾಗುವುದನ್ನು, ದನಿ ಸೊರಗುವುದನ್ನು ನಿರ್ಧರಿಸಿರಲಿಲ್ಲ.

ಜಪಾನಿನ ಆನ್ ಕವಾರಾ 1966ರ ಜನವರಿ 4ರಿಂದ ಆಯಾ ದಿನದ ತಾರೀಖನ್ನಷ್ಟೇ ಚಿತ್ರವಾಗಿ ಬರೆಯತೊಡಗಿದ. ಅದೇ ದಿನ ಮಧ್ಯರಾತ್ರಿಯೊಳಗೆ ಮುಗಿಯದಿದ್ದರೆ ಅದನ್ನು ನಾಶಮಾಡುವುದು ಅವನ ನಿಯಮ. ತಾನಿರುವ ಊರಿನ ಭಾಷೆಯಲ್ಲಿ ತಾರೀಖು ಬರೆಯುತ್ತಿದ್ದ, ರೋಮನ್ ಲಿಪಿಯಿಲ್ಲದ ಭಾಷೆಯಾದರೆ ಎಸ್ಪೆರಾಂಟೊ ಎಂಬ ಕೃತಕ ಅಂತರರಾಷ್ಟ್ರೀಯ ಭಾಷೆಯನ್ನು ಬಳಸುತ್ತಿದ್ದ. ಚಿಕ್ಕಬಳ್ಳಾಪುರಕ್ಕೆ ಬಂದಿದ್ದರೆ ನಮಗೂ ಎಸ್ಪೆರಾಂಟೊವೇ ಸಿಗುತ್ತಿತ್ತು.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

‘ತಾನೇ ಹಾಕಿಕೊಂಡ ಮಿತಿ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಹಿರಿಯರು ಮನ್ನಿಸಬೇಕು. ನಾನು ಚಿತ್ರಕಲಾ ವಿದ್ಯಾರ್ಥಿನಿ. ನಮ್ಮ ಊರಿನ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳವಿದ್ದವು. 2001ರ ಫೆಬ್ರವರಿ ಕೊನೆಯವರೆಗೆ ಜನ ಪಾಳಿಯ ಮೇಲೆ ಅಲ್ಲಿಗೆ ಇಳಿದು ಹತ್ತುತ್ತಿದ್ದರು. ಅವರ ದಿನವನ್ನು ಭಾಗ ಮಾಡಿದ್ದು ಅವರಲ್ಲ. ಮಿತಿಯನ್ನು ಆರಿಸಿಕೊಳ್ಳುವುದಕ್ಕೂ ಮೊದಲು ಸ್ವಲ್ಪ ಬಿಡುವು ಬೇಕು, ಜಾಗ ಬೇಕು. ಆದ್ದರಿಂದ ‘ಯಾರು ಕೂಡಿಹಾಕಿದ್ದು?’ ಎಂದು ಕೇಳಿದ ನಿಮ್ಮ ಸಹೋದ್ಯೋಗಿ, ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಹೆಣ್ಣೊಬ್ಬಳು ತನ್ನ ಸುತ್ತ ಗೆರೆ ಎಳೆದುಕೊಂಡು ಕುಳಿತಿದ್ದರೆ ನನಗೂ ಆ ಪ್ರಶ್ನೆಯೇ ಬರುತ್ತದೆ.

ನಂದಿ ತಪ್ಪಲಿನ ಸರ್ ಹೇಳಿದವರ ಸಾಲಿಗೆ ತೆಹ್‌ಚಿಂಗ್ ಶೇ ಅವರನ್ನು ಸೇರಿಸಬೇಕು. ತೈವಾನಿನಲ್ಲಿ 1950ರಲ್ಲಿ ಹುಟ್ಟಿದ ಅವರು 1974ರಲ್ಲಿ ಹಡಗಿನ ಕೆಲಸದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದರು. 1988ರಲ್ಲಿ ಕ್ಷಮಾದಾನ ಸಿಗುವವರೆಗೂ ದಾಖಲೆಪತ್ರಗಳಿಲ್ಲದೆಯೇ ಬದುಕಿದರು. 1978ರ ಸೆಪ್ಟೆಂಬರಿನಿಂದ ಒಂದು ವರ್ಷ ತಾವೇ ಕಟ್ಟಿದ ಮರದ ಪಂಜರದಲ್ಲಿ ಮಾತು, ಓದು, ಬರಹ, ರೇಡಿಯೊ, ಟಿವಿ ಯಾವುದೂ ಇಲ್ಲದೆ ಕುಳಿತರು. ಹೊರಗೆ ಬಂದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ವಕೀಲರೊಬ್ಬರು ಮುದ್ರೆ ಹಾಕಿದ್ದರು. 1980ರ ಏಪ್ರಿಲ್ 11ರಿಂದ ಇನ್ನೊಂದು ವರ್ಷ, ಕಾರ್ಖಾನೆಯಲ್ಲಿ ಹಾಜರಿ ಹಾಕುವ ಯಂತ್ರದಲ್ಲಿ ಗಂಟೆಗೊಮ್ಮೆ ಕಾರ್ಡು ಒತ್ತಿದರು, ರಾತ್ರಿಯೂ ಸೇರಿದಂತೆ. ಆರಂಭದಲ್ಲಿ ತಲೆ ಬೋಳಿಸಿಕೊಂಡು, ಪ್ರತಿ ಸಲವೂ ತಮ್ಮ ಒಂದೊಂದು ಫಿಲ್ಮ್ ಚೌಕಟ್ಟು ತೆಗೆದರು. ವರ್ಷವೆಲ್ಲ ಸುಮಾರು ಆರು ನಿಮಿಷದ ಚಿತ್ರವಾಗಿದೆ. ಅದರಲ್ಲಿ ಕೂದಲು ಭುಜದವರೆಗೆ ಬೆಳೆಯುವುದನ್ನು ನೋಡಬಹುದು. ವರ್ಷದ 8,760 ಗಂಟೆಗಳಲ್ಲಿ 133 ತಪ್ಪಿಹೋದವು. 94 ಸಲ ನಿದ್ದೆ ಬಂದಿತ್ತು, 29 ಸಲ ತಡವಾಯಿತು, 10 ಸಲ ಹೊತ್ತಿಗೆ ಮೊದಲೇ ಒತ್ತಿದ್ದರು. ಈ ಲೆಕ್ಕವನ್ನೂ ಅವರೇ ಬರೆದಿಟ್ಟಿದ್ದಾರೆ.

ಇವನ್ನು ಸಂಯಮದ ಸಾಹಸವೆಂದು ಹೊಗಳುವವರು, ಕಾನೂನು ಆಗಲೇ ಅರ್ಧ ಕೂಡಿಹಾಕಿದ್ದ ಮನುಷ್ಯನೊಬ್ಬ ಬೀಗವನ್ನು ತನ್ನ ಕೈಗೆ ತೆಗೆದುಕೊಂಡ ಎಂಬುದನ್ನು ಬಿಟ್ಟುಬಿಡುತ್ತಾರೆ. 1981ರಿಂದ 82ರವರೆಗೆ ಯಾವ ಸೂರಿನ ಕೆಳಗೂ ಹೋಗುವುದಿಲ್ಲವೆಂದು ನ್ಯೂಯಾರ್ಕಿನ ಬೀದಿಯಲ್ಲಿದ್ದಾಗ ಪೊಲೀಸರು ಅವರನ್ನು ಹಿಡಿದು ಸುಮಾರು ಹದಿನೈದು ಗಂಟೆ ಒಳಗಿಟ್ಟಿದ್ದರು. ತಾನು ಹಾಕಿಕೊಂಡ ಮಿತಿ, ಬೇರೆಯವರು ಹಾಕಿದ ಮಿತಿ ಎಂದು ಎರಡು ಡಬ್ಬಿಗಳು ನಿಜವಾಗಿ ಇಲ್ಲ. ಮೇಡಂ ಅವರ ಚಿತ್ರದಲ್ಲಿ ಆ ಗೊಂದಲ ಉಳಿಯಲಿ ಎಂಬುದು ನನ್ನ ಕೋರಿಕೆ.

ಬಿಳಿಹಾಳೆ, ತುಮಕೂರು

ಗಡಿಯಾರವನ್ನು ನಿನ್ನೆ ರಾತ್ರಿಯೇ ನೆಲದ ಬಣ್ಣದಿಂದ ಮುಚ್ಚಿದೆ. ದೀಪ ಸದ್ಯಕ್ಕೆ ಇದೆ. ಕೆಜಿಎಫ್‌ನ ತಂಗಿಯ ಆಕ್ಷೇಪಕ್ಕೆ ಉತ್ತರ ಯೋಚಿಸುತ್ತಿದ್ದೇನೆ.

ಬಸದಿ ಬೆಟ್ಟದ ಕೆಳಗೆ, ತುಮಕೂರು

ನಾನಿರುವುದು ಮಂದಾರಗಿರಿಯ ಹತ್ತಿರ. ಒಪಾಲ್ಕಾ, ಕವಾರಾ ಎಂದು ದೂರ ಹೋದವರು ಶ್ರವಣಬೆಳಗೊಳವನ್ನು ಮರೆತದ್ದೇಕೆಂದು ಆಶ್ಚರ್ಯವಾಯಿತು. ಬಾಹುಬಲಿ ಯುದ್ಧದಲ್ಲಿ ಗೆದ್ದ ಮೇಲೆ ರಾಜ್ಯವನ್ನು ಬಿಟ್ಟು ಒಂದು ವರ್ಷ ನಿಂತಲ್ಲೇ ನಿಂತು ತಪಸ್ಸು ಮಾಡಿದ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿಯ ಆ ಮೂರ್ತಿಯಲ್ಲಿ ಗಡಿಯಾರವೂ ಇಲ್ಲ, ದೀಪವೂ ಇಲ್ಲ. ಕಾಲುಗಳ ಪಕ್ಕದಲ್ಲಿ ಹುತ್ತ ಬೆಳೆದಿದೆ, ಹುತ್ತದಿಂದ ಹಾವುಗಳು ತಲೆ ಹೊರಹಾಕಿವೆ, ಮಾಧವಿ ಬಳ್ಳಿ ತೊಡೆಗಳನ್ನು ಸುತ್ತಿ ತೋಳಿನವರೆಗೂ ಹಬ್ಬಿದೆ. ಮನುಷ್ಯ ಅಲುಗಲಿಲ್ಲ, ಉಳಿದದ್ದೆಲ್ಲ ಬೆಳೆಯಿತು. ಒಂದು ವರ್ಷವೆಂಬುದನ್ನು ಶಿಲ್ಪಿ ಬಳ್ಳಿಯ ಉದ್ದದಲ್ಲಿ ಹೇಳಿದ್ದಾನೆ.

ಇದಕ್ಕೂ ಹಳೆಯ ಬಾಹುಬಲಿಗಳು ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಐಹೊಳೆಯಲ್ಲಿಯೂ ಇವೆ. ಅಲ್ಲಿ ಬಳ್ಳಿ ಹಾವುಗಳ ಜೊತೆಗೆ ಹೆಗಲ ಮೇಲೆ ಇಳಿದ ಕೂದಲೆಳೆಗಳನ್ನೂ ಕೆತ್ತಿದ್ದಾರೆ. ತಂಗಿ ಹೇಳಿದ ತೈವಾನಿನ ಕಲಾವಿದರ ಬೆಳೆಯುವ ಕೂದಲಿನ ಬಗ್ಗೆ ಓದಿದಾಗ ನನಗೆ ಮೊದಲು ಹೊಳೆದದ್ದು ಅದೇ.

ಆದರೆ ಚಿತ್ರಕ್ಕೆ ಹೆಚ್ಚು ಉಪಯೋಗವಾಗುವುದು ಕಥೆಯ ಮುಂದಿನ ಭಾಗ. ವರ್ಷ ಕಳೆದರೂ ಅವನಿಗೆ ಕೇವಲಜ್ಞಾನ, ಎಂದರೆ ಜೈನರು ಹೇಳುವ ಪರಿಪೂರ್ಣ ಅರಿವು, ಸಿಗುವುದಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು ಎನ್ನುತ್ತವೆ ಪುರಾಣಗಳು. ತನ್ನಿಂದ ಅಣ್ಣ ಭರತನಿಗೆ ನೋವಾಯಿತೆಂಬ ಕೊರಗು ಎಂದು ಒಂದು ಕಥನ; ತಾನು ನಿಂತಿರುವ ನೆಲವೂ ಭರತನದೇ ಎಂಬ ಭಾವ ಎಂದು ನಮ್ಮಲ್ಲಿ ಹೆಚ್ಚು ಜನ ಹೇಳುವ ಕಥೆ; ಶ್ವೇತಾಂಬರರ ಕಥೆಯಲ್ಲಿ ತಂಗಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆಯ ಮೇಲಿಂದ ಇಳಿಯೆಂದು, ಎಂದರೆ ಅಹಂಕಾರ ಬಿಡೆಂದು ಹೇಳುತ್ತಾರೆ. ಬಳ್ಳಿ ಅವನನ್ನು ಕಟ್ಟಿರಲಿಲ್ಲ. ಒಂದು ಹೆಜ್ಜೆ ಎತ್ತಿದ್ದರೆ ಹರಿದುಹೋಗುತ್ತಿತ್ತು. ಕಟ್ಟಿದ್ದು ಕಣ್ಣಿಗೆ ಕಾಣದ್ದು. ಆದ್ದರಿಂದ ಮೇಡಂ, ರಂಗೋಲಿಯ ಗೆರೆಯನ್ನು ದಾಟಲಾಗದ ಗೋಡೆಯ ಹಾಗೆ ದಪ್ಪವಾಗಿ ಬರೆಯಬೇಡಿ.

ಮಾಲೂರಿನ ಉಳಿ

ನಾವು ಶಿವಾರಪಟ್ಟಣದ ಕಡೆಯವರು, ವಿಗ್ರಹ ಕೆತ್ತುವ ಕೆಲಸ. ನಮಗೆ ಮಿತಿ ಎಂದರೆ ತಾಳಮಾನ, ಎಂದರೆ ವಿಗ್ರಹದ ಅಳತೆಯ ಕ್ರಮ. ಮುಖದ ಉದ್ದವೇ ಒಂದು ತಾಳ, ಅದರಲ್ಲಿ ಹನ್ನೆರಡು ಅಂಗುಲ. ಉತ್ತಮ ದಶತಾಳದಲ್ಲಿ ದೇವರ ವಿಗ್ರಹ 124 ಅಂಗುಲ, ನವತಾಳದಲ್ಲಿ 108, ಗಣಪತಿಗೆ ಪಂಚತಾಳ. ಕಲ್ಲಿನ ಮೇಲೆ ಮೊದಲು ಮುಖದ ಅಳತೆ ಗುರುತು ಮಾಡಿದೆವೆಂದರೆ ಮೊಣಕಾಲು ಎಲ್ಲಿ ಬರಬೇಕೆಂಬುದು ಆಗಲೇ ನಿಶ್ಚಯವಾಗಿರುತ್ತದೆ. ಹೊರಗಿನವರಿಗೆ ಇದು ಕೈ ಕಟ್ಟಿದಂತೆ ಕಾಣಬಹುದು. ಕೆಲಸಗಾರನಿಗೆ ಹಾಗೆ ಅನ್ನಿಸುವುದಿಲ್ಲ. ಮೊಣಕಾಲಿನ ಚಿಂತೆ ಬಿಟ್ಟು ಮುಖದ ಭಾವಕ್ಕೆ ಮನಸ್ಸು ಕೊಡಬಹುದು. ಕಣ್ಣು ಬಿಡಿಸುವುದು ಕೊನೆಗೆ.

ಕೈದಾಳದ ಕಥೆಯನ್ನು ಯಾರೂ ತೆಗೆಯಲಿಲ್ಲ, ತುಮಕೂರಿಗೆ ಅಷ್ಟು ಹತ್ತಿರವಿದ್ದರೂ. ಬೇಲೂರಿನ ವಿಗ್ರಹದಲ್ಲಿ ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದು ಜಕಣಾಚಾರಿ ಹೇಳಿದ. ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ತಾಗಿಸಿದರೆ ಕಪ್ಪೆ ಹೊರಬಂತು. ದೋಷ ತೋರಿಸಿದ ಹುಡುಗ ಅವನ ಮಗನೇ. ಕೈ ಕತ್ತರಿಸಿಕೊಂಡವನು ಮುಂದೆ ಕೈದಾಳದಲ್ಲಿ ಚನ್ನಕೇಶವನನ್ನು ನಿಲ್ಲಿಸಿದ ಮೇಲೆ ಕೈ ಮರಳಿ ಬಂತಂತೆ. ಇದು ಐತಿಹ್ಯವೇ ಹೊರತು ಶಾಸನದ ಮಾತಲ್ಲ. ಅವನಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಗಮನಿಸಿ. ತಾಳಮಾನ ವಿಗ್ರಹಕ್ಕಾಗಿ ಇರುವ ಮಿತಿ. ಜಕಣಾಚಾರಿಯ ಷರತ್ತು ಜಕಣಾಚಾರಿಗಾಗಿ ಇತ್ತು, ಅದರ ಬೆಲೆಯನ್ನು ಕೈ ಕೊಟ್ಟಿತು.

ನನ್ನ ಪ್ರಶ್ನೆ ಇಷ್ಟೇ: ಗೆರೆಯ ಒಳಗೆ ಕುಳಿತು ಆಯಮ್ಮ ಏನು ಮಾಡುತ್ತಿದ್ದಾರೆ? ಏನಾದರೂ ಮಾಡುತ್ತಿದ್ದರೆ ಅದು ವ್ರತ. ಸುಮ್ಮನೆ ಕುಳಿತಿದ್ದರೆ ಬೇರೆ.

ಬಿಳಿಹಾಳೆ, ತುಮಕೂರು

ಆಚಾರ್ಯರೇ, ಅವಳು ಗೆರೆಯನ್ನೇ ಎಳೆಯುತ್ತಿದ್ದಾಳೆ. ಬೇರೆ ಕೆಲಸವನ್ನು ನಾನು ಅವಳಿಗೆ ಯೋಚಿಸಿಯೇ ಇರಲಿಲ್ಲ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಹಾಗಾದರೆ ಅದನ್ನೇ ಕೆಲಸವೆಂದು ತೋರಿಸಿ! ರಂಗೋಲಿ ಒಮ್ಮೆ ಎಳೆದು ಮುಗಿಯುವುದಲ್ಲ. ಬೆಳಿಗ್ಗೆ ನೀರು ಹಾಕಿ, ಸಾರಿಸಿ, ಗೆರೆ ಎಳೆದ ಮೇಲೆ ಹಾಲಿನವರು ತುಳಿಯುತ್ತಾರೆ, ಸ್ಕೂಟರ್ ಹಾಯುತ್ತದೆ, ಮಧ್ಯಾಹ್ನದ ಗಾಳಿಗೆ ಅರ್ಧ ಹಾರಿಹೋಗುತ್ತದೆ. ಮರುದಿನ ಮತ್ತೆ ಎಳೆಯಬೇಕು. ನಮಗೆ ನಾವೇ ಹಾಕಿಕೊಂಡಿದ್ದೇವೆ ಎನ್ನುವ ಮಿತಿಗಳೂ ಬಹುಪಾಲು ಹೀಗೆಯೇ ಇರುತ್ತವೆ. ‘ಇದು ನನ್ನಿಂದಾಗದು’ ಎಂದು ಒಮ್ಮೆ ಹೇಳಿಕೊಂಡರೆ ಸಾಲದು, ದಿನವೂ ಹೇಳಿಕೊಳ್ಳಬೇಕು; ಒಂದು ದಿನ ಬಿಟ್ಟರೂ ಗೆರೆ ಮಾಸುತ್ತದೆ. ಹಳೇ ಕೈಗಡಿಯಾರದ ತಾತ ಹೇಳಿದ ಹಿಡಿದು ಬಿಡುವ ಕವಲು ಇಲ್ಲಿಯೇ ಸಿಕ್ಕಿತಲ್ಲ. ಹೀಗಾಗಿ ಚಿತ್ರದಲ್ಲಿ ಕಾಣಬೇಕಾದದ್ದು ಒಂದು ಗೆರೆಯಲ್ಲ. ಇಂದಿನದರ ಕೆಳಗೆ ನಿನ್ನೆಯದು, ಅದರ ಕೆಳಗೆ ಮೊನ್ನೆಯದು ಮಾಸಲಾಗಿ ಕಾಣಬೇಕು.

ನನ್ನ ಆಕ್ಷೇಪವನ್ನು ಮಾತ್ರ ನಾನು ಬಿಟ್ಟಿಲ್ಲ. ರಂಗೋಲಿ ಹಾಕಲು ಯಾವ ಹುಡುಗಿಯೂ ತಾನಾಗಿ ಕಲಿಯುವುದಿಲ್ಲ. ಅಮ್ಮನೋ ಅಜ್ಜಿಯೋ ಕೈ ಹಿಡಿದು ಹಾಕಿಸಿರುತ್ತಾರೆ. ಎಲ್ಲಕ್ಕಿಂತ ಕೆಳಗಿನ ಗೆರೆ ಆ ಹೆಂಗಸಿನದಾಗಿರಲು ಸಾಧ್ಯವಿಲ್ಲ. ಅದು ಬೇರೆಯವರ ಕೈಯದ್ದಾಗಿರಬೇಕು, ಮೇಲಿನವೆಲ್ಲ ಅವಳವು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಈ ಸಲಹೆ ಸಹಜವಾಗಿದೆ, ಮಾಡಲೂ ಆಗುತ್ತದೆ. ತಾಂತ್ರಿಕವಾಗಿ ಒಂದು ಎಚ್ಚರಿಕೆ ಬೇಕು. ತೆಳುವಾಗಿ ಬಳಿದ ಅಕ್ರಿಲಿಕ್ ಬೇಗ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿ ಮಾಸಿಸಬಹುದೆಂದುಕೊಂಡರೆ ಆಗದು. ಅದರ ಬದಲು ದಿನವೂ ಬಿಳಿಯಿಂದ ಗೆರೆ ಎಳೆದು, ಆಗಾಗ ಇಡೀ ನೆಲದ ಮೇಲೆ ರೆಡ್ ಆಕ್ಸೈಡಿನ ಗ್ಲೇಜ್, ಎಂದರೆ ಮೀಡಿಯಂ ಹೆಚ್ಚು ಬಣ್ಣ ಕಡಿಮೆ ಇರುವ ಪಾರದರ್ಶಕ ಪದರವನ್ನು ಕೊಡಿ. ಪ್ರತಿ ಪದರಕ್ಕೂ ಕೆಳಗಿನ ಗೆರೆಗಳು ಒಂದಿಷ್ಟು ಕೆಂಪಿನಲ್ಲಿ ಮುಳುಗುತ್ತವೆ. ಒಪಾಲ್ಕಾನ ಅಂಕಿಗಳು ಬಿಳುಪಿನಲ್ಲಿ ಕರಗಿದವು, ನಿಮ್ಮ ಗೆರೆಗಳು ನೆಲದೊಳಗೆ ಇಳಿಯುತ್ತವೆ. ದಿನವೂ ಗ್ಲೇಜ್ ಮಾಡಿದರೆ ವರ್ಷದ ಕೊನೆಗೆ ನೆಲ ಕಪ್ಪುಗಟ್ಟೀತು, ತಿಂಗಳಿಗೊಂದು ಸಾಕು.

ಹಳೇ ಕೈಗಡಿಯಾರ, ತುಮಕೂರು

ನಿಯಮ ಮಾಡಿಕೊಳ್ಳುವುದಾದರೆ ಎಂದಿಗೆ ಮುಗಿಯುತ್ತದೆಂದು ಮೊದಲೇ ಹೇಳಿಬಿಡಿ, ಮೇಡಂ. ತಂಗಿ ಹೇಳಿದ ತೈವಾನಿನವರಿಗೆ ಒಂದು ವರ್ಷ, ಬಾಹುಬಲಿಗೆ ಒಂದು ವರ್ಷ. ಒಪಾಲ್ಕಾಗೆ ಕೊನೆಯೇ ಇರಲಿಲ್ಲ, ಅದಕ್ಕೆ ಬೇರೆ ಎದೆ ಬೇಕು. ಯುಗಾದಿಯಿಂದ ಯುಗಾದಿಗೆ ಎಂದಿಟ್ಟುಕೊಂಡರೆ ಸುಮಾರು 354 ದಿನ, ಅಮಾವಾಸ್ಯೆಗೊಂದು ಪದರದಂತೆ ಹನ್ನೆರಡು ಪದರ. ಅಧಿಕ ಮಾಸ ಬಿದ್ದರೆ ಹದಿಮೂರು. ಹತ್ತೊಂಬತ್ತು ವರ್ಷಕ್ಕೆ ಏಳು ಸಲ ಬರುತ್ತದಾದ್ದರಿಂದ ಪಂಚಾಂಗ ನೋಡಿಯೇ ಬಣ್ಣ ಕಲಸಿಕೊಳ್ಳಿ.

ತಪ್ಪಿದ ದಿನಗಳನ್ನು ಏನು ಮಾಡುತ್ತೀರಿ? ಜಪಾನಿನವರಂತೆ ನಾಶವೋ, ತೈವಾನಿನವರಂತೆ ಲೆಕ್ಕವೋ?

ಬಸದಿ ಬೆಟ್ಟದ ಕೆಳಗೆ, ತುಮಕೂರು

ರಂಗೋಲಿಗೆ ಅದರದೇ ಉತ್ತರವಿದೆಯಲ್ಲ. ಮನೆಯಲ್ಲಿ ಸಾವಾದರೆ ಸೂತಕ ಕಳೆಯುವವರೆಗೆ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಖಾಲಿ ಅಂಗಳ ನೋಡಿದರೇ ವಿಷಯ ತಿಳಿಯುತ್ತದೆ. ತಪ್ಪಿದ ದಿನ ನೆಲದ ಮೇಲೆ ಏನೂ ಬರೆಯದೆ ಬಿಟ್ಟರೆ ಸಾಕು, ತುಂಬಿಸಲು ಹೋಗಬೇಡಿ.

ಮಾಲೂರಿನ ಉಳಿ

ಖಾಲಿ ಬಿಟ್ಟದ್ದು ಚಿತ್ರದಲ್ಲಿ ಕಾಣುವುದಿಲ್ಲ ಸ್ವಾಮಿ. ಮುನ್ನೂರು ಗೆರೆಯ ನಡುವೆ ಒಂದು ಇಲ್ಲದಿದ್ದರೆ ಯಾರಿಗೆ ತಿಳಿದೀತು? ಕ್ಯಾನ್ವಾಸಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಡಲಿ.

ಬಿಳಿಹಾಳೆ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ನಿರ್ಧಾರವಾಗಿದೆ. ದೀಪ ಹೋಗುತ್ತದೆ, ಬೀಗದ ಕೈಗಳು ಇರುತ್ತವೆ. ಬಾಗಿಲಿನ ಚೌಕಟ್ಟನ್ನೂ ತೆಗೆಯಬೇಕೆಂದಿದ್ದೇನೆ, ಏಕೆಂದರೆ ದಾಟಬೇಕಾದದ್ದು ಗೆರೆಯಾಗಿರುವಾಗ ಬಾಗಿಲು ನೋಡುಗರ ಗಮನವನ್ನು ತಪ್ಪು ಕಡೆಗೆ ಎಳೆಯುತ್ತದೆ. ಹೆಂಗಸಿನ ಆಕೃತಿಯನ್ನು ಈಗಲೇ ಮುಗಿಸಿ ವಾರ್ನಿಷ್ ಹಚ್ಚುತ್ತೇನೆ. ನೆಲ ಮಾತ್ರ ಯುಗಾದಿಯಿಂದ ಯುಗಾದಿಗೆ ಬೆಳೆಯಲಿ. ಹೀಗೆ ಮಾಡಿದರೆ ಅವಳ ವಯಸ್ಸು ನಿಂತಿರುತ್ತದೆ, ಅವಳ ಸುತ್ತಲಿನದಕ್ಕೆ ಮಾತ್ರ ವಯಸ್ಸಾಗುತ್ತದೆ. ಬೆಳಗೊಳದ ಬಳ್ಳಿಯಿಂದ ನಾನು ತೆಗೆದುಕೊಂಡದ್ದು ಇದನ್ನು. ತಪ್ಪಿದ ದಿನಗಳು ಆಚಾರ್ಯರು ಹೇಳಿದಂತೆ ಹಿಂಭಾಗದಲ್ಲಿ ದಾಖಲಾಗುತ್ತವೆ, ಕಾರಣ ಬರೆಯುವುದಿಲ್ಲ.

ಕೆಜಿಎಫ್‌ನ ತಂಗಿಯ ಮಾತಿನಂತೆ ಮೊದಲ ಗೆರೆಯನ್ನು ನಮ್ಮ ತಾಯಿಯವರಿಂದ ಹಾಕಿಸಲು ಕೇಳಿದೆ. ಒಪ್ಪಿದರು, ಆದರೆ ಚಿತ್ರ ನೋಡಿ ತಕರಾರು ತೆಗೆದರು: ಒಂಟಿ ಎಳೆಯನ್ನು ಮನೆಯಲ್ಲಿ ಯಾರೂ ಎಳೆಯುವುದಿಲ್ಲ, ಜೋಡಿ ಎಳೆಯೇ ಆಗಬೇಕು ಎಂದರು. ಒಂಟಿ ಎಳೆ ಎಂಥ ದಿನಕ್ಕೆ ಎಂದೂ ಹೇಳಿದರು. ನನ್ನ ಸಂಯೋಜನೆಗೆ ಒಂದೇ ಗೆರೆ ಚೆಂದವೆಂದು ವಾದಿಸಿದೆ, ಅವರು ಜಗ್ಗಲಿಲ್ಲ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ನೋಡಿದಿರಾ ಅಕ್ಕ, ನಿಯಮ ಎಲ್ಲಿಂದ ಬರುತ್ತದೆಂದು! ಅವರು ಹೇಳಿದಂತೆ ಕೆಳಗಿನದನ್ನು ಜೋಡಿ ಎಳೆಯಾಗಿಯೇ ಹಾಕಲಿ. ಮೇಲಿನವು ಒಂಟಿಯೋ ಜೋಡಿಯೋ ಎಂಬುದನ್ನು ಯುಗಾದಿಯ ಮರುದಿನ ಬೆಳಿಗ್ಗೆ ನೀವು ಕುಂಚ ಹಿಡಿದಾಗ ನಿಶ್ಚಯಿಸಿ. ಅದಕ್ಕೂ ಮೊದಲು ಸಣ್ಣದೊಂದು ಹಲಗೆಯ ಮೇಲೆ ಹನ್ನೆರಡು ಪದರ ಗ್ಲೇಜ್ ಹಚ್ಚಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹನ್ನೆರಡರ ಕೆಳಗೆ ಅಮ್ಮನ ಗೆರೆ ಪೂರ್ತಿ ಮುಳುಗಿಹೋಗುವುದಾದರೆ ಬಣ್ಣವನ್ನು ಇನ್ನೂ ತೆಳುವು ಮಾಡಬೇಕಾಗುತ್ತದೆ.